ನಾಯಿ ಬೆಣ್ಣೆ ಹಣ್ಣು ತಿಂದ್ರೆ ಏನಾಗುತ್ತೆ? ನಾಯಿ ಜೊತೆಗೆ ಮೇಕೆ ಕಡೆಗೂ ಒಮ್ಮೆ ನೋಡಿ



ಹೋದ ವಾರ ರಾತ್ರಿ ಒಂಬತ್ತು ಗಂಟೆಗೆ ನಮ್ಮ ಮಾಡದಕೆರೆ ಹೋಬಳಿಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಅರ್ಧ ಕಚ್ಚಿದ ಬೆಣ್ಣೆ ಹಣ್ಣು, ಪಕ್ಕದಲ್ಲಿ ಏನೂ ಗೊತ್ತಿಲ್ಲದವನಂತೆ ಕೂತ ನಾಯಿ. ಕೆಳಗೆ ಒಂದೇ ಸಾಲು: "ಅಣ್ಣಾ, ನಾಯಿ ಬಟರ್ ಫ್ರೂಟ್ ತಿಂದೈತೆ. ಫೋನಲ್ಲಿ ನೋಡಿದ್ರೆ ಒಬ್ಬ ವಿಷ ಅಂತಾನೆ, ಇನ್ನೊಬ್ಬ ಕೂದ್ಲಿಗೆ ಒಳ್ಳೇದು ಅಂತಾನೆ. ಯಾವ್ದು ನಂಬ್ಲಿ?"

ನಾನು ತಕ್ಷಣ ವಾಪಸ್ ಕೇಳಿದ್ದು ಎರಡೇ ಪ್ರಶ್ನೆ. ಬೀಜ ಎಲ್ಲೈತೆ? ಗಿಡದ ಸೊಪ್ಪು ಮೇಕೆಗೇನಾದ್ರೂ ಹಾಕಿದ್ದೀಯಾ?

ಎರಡನೇ ಪ್ರಶ್ನೆ ಅವನಿಗೆ ಅರ್ಥ ಆಗಲಿಲ್ಲ. ನಾಯಿ ವಿಷಯ ಕೇಳಿದರೆ ಮೇಕೆ ವಿಷಯ ಯಾಕೆ ಅಂದ. ಯಾಕೆ ಅಂತ ಈ ವಾರ ಬರೀತಿದ್ದೀನಿ. ಎರಡು ವರ್ಷದ ಹಿಂದೆ ಈ ಎರಡನೇ ಪ್ರಶ್ನೆಯನ್ನ ನನ್ನನ್ನ ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅದರ ಬೆಲೆ ನಮ್ಮ ಮನೆಯ ಮೇಕೆ ಕೊಟ್ಟಿತು.

ನಮ್ಮ ಮನೆಯಲ್ಲಿ ಆಗಿದ್ದು

ನಮ್ಮದು ತೆಂಗಿನ ತೋಟ. ಮಧ್ಯೆ ಸ್ವಲ್ಪ ಅಡಿಕೆ. ಒಂದೇ ಬೆಳೆ ನಂಬಿಕೊಂಡು ಕೂರೋದು ಬೇಡ ಅಂತ ಆರು ಬೆಣ್ಣೆ ಹಣ್ಣಿನ ಕಸಿ ಗಿಡ ತಂದು ನೀರು ಹತ್ತಿರ ಇರೋ ಕಡೆ ಹಾಕಿದ್ದೆ. ನಾಲ್ಕು ಬದುಕಿದವು. ಕಾಯಿ ಬಿಟ್ಟ ಮೊದಲ ಮಳೆಗಾಲದಲ್ಲಿ ಗಾಳಿಗೆ ಒಂದಷ್ಟು ಹಣ್ಣು ಉದುರಿತು. ತೋಟ ಕಾಯುವ ನಮ್ಮ ಕರಿಯ ಅದನ್ನ ತಿಂದುಬಿಟ್ಟ. ಸಿಪ್ಪೆ ಚೂರು ಚೂರಾಗಿ ಬಿದ್ದಿತ್ತು, ಬೀಜ ಕಾಣಲಿಲ್ಲ.

ಅಂದು ಸಂಜೆ ಮನೆಯವರೆಲ್ಲ ಬ್ಯಾಟರಿ ಹಿಡಿದು ಬೀಜ ಹುಡುಕಿದೆವು. ಕೊನೆಗೆ ಪಂಪ್ ಮನೆ ಹಿಂದೆ ಸಿಕ್ಕಿತು. ಕರಿಯ ನೆಕ್ಕಿ ನೆಕ್ಕಿ ಬಿಟ್ಟುಹೋಗಿದ್ದ. ಒಂದು ಸಲ ವಾಂತಿ ಮಾಡಿಕೊಂಡ, ಮಾರನೇ ದಿನ ಸ್ವಲ್ಪ ಭೇದಿ, ಮೂರನೇ ದಿನ ಎಂದಿನಂತೆ ಮುದ್ದೆ ತಿಂದ.

ಅದೇ ದಿನ ಬೆಳಿಗ್ಗೆ ನಾನು ಆ ಗಿಡಗಳ ಕೆಳಕೊಂಬೆ ಸವರಿದ್ದೆ. ಒಂದು ಹೊರೆ ಹಸಿರು ಸೊಪ್ಪು. ನಮ್ಮ ಕಡೆ ಸೊಪ್ಪು ಅಂದ್ರೆ ಮೇಕೆಗೆ ಅಂತಲೇ ಲೆಕ್ಕ. ಹಲಸು, ಸುಬಾಬುಲ್, ನುಗ್ಗೆ ಏನೇ ಕಡಿದರೂ ರೊಪ್ಪಕ್ಕೇ ಹೋಗೋದು. ಇದನ್ನೂ ಹಾಗೇ ಹಾಕಿದೆ. ಎರಡು ದಿನ ಬೇರೆ ಮೇವು ಹಾಕೋ ಕೆಲಸ ತಪ್ಪಿತು ಅಂತ ಖುಷಿಯೂ ಆಯ್ತು.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಅವ್ವ ಹಾಲು ಕರೆಯೋಕೆ ಕೂತವಳು ಕೂಗಿದಳು. ಮರಿ ಹಾಕಿ ಮೂರು ವಾರ ಆಗಿದ್ದ ಬಿಳಿ ಮೇಕೆಯ ಕೆಚ್ಚಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಿಂಡಿದರೆ ಬಂದದ್ದು ನೀರಿನಂಥ, ನಡುನಡುವೆ ಒಡೆದ ಮೊಸರಿನಂಥ ಹಾಲು, ಅದೂ ಒಂದು ಲೋಟ ಇಲ್ಲ. ಮರಿ ಹತ್ತಿರ ಬಂದರೆ ಒದೆಯುತ್ತಿತ್ತು. ಮಾಮೂಲಿ ಕೆಚ್ಚಲು ಬಾವು ಅಂದುಕೊಂಡು ಡಾಕ್ಟರನ್ನ ಕರೆಸಿದೆವು. ಅವರು ಕೆಚ್ಚಲು ಮುಟ್ಟಿ ನೋಡಿ, ರೊಪ್ಪದ ಮೂಲೆಯಲ್ಲಿದ್ದ ಬರೀ ಕಡ್ಡಿಗಳನ್ನ ನೋಡಿ, "ಇದು ಯಾವ ಗಿಡದ್ದು?" ಅಂತ ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು.

ಮೇಕೆ ಬದುಕಿತು. ಆದರೆ ಆ ಸೂಲಿನಲ್ಲಿ ಮತ್ತೆ ಹಾಲು ಬರಲಿಲ್ಲ. ಮರಿಗೆ ಅವ್ವ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ ಸಾಕಿದಳು. ಎರಡೂ ದಿನ ನಾವೆಲ್ಲ ಕರಿಯನ ಹಿಂದೆ ಓಡಾಡುತ್ತಿದ್ದೆವು. ತೊಂದರೆ ಇದ್ದದ್ದು ರೊಪ್ಪದಲ್ಲಿ.

ಈ ಗಿಡದಲ್ಲಿ ಏನಿದೆ?

ಬೆಣ್ಣೆ ಹಣ್ಣಿನ ಗಿಡದಲ್ಲಿ ಪರ್ಸಿನ್ ಅನ್ನೋ ಒಂದು ವಸ್ತು ಇದೆ. ಗಿಡ ತನ್ನನ್ನ ಶಿಲೀಂಧ್ರ ಮತ್ತು ಹುಳುಗಳಿಂದ ಕಾಪಾಡಿಕೊಳ್ಳೋಕೆ ತಾನೇ ತಯಾರಿಸಿಕೊಳ್ಳೋದು. ಎಲೆಯಲ್ಲಿ ಇದು ಹೆಚ್ಚು. ತೊಗಟೆ, ಹಣ್ಣಿನ ಸಿಪ್ಪೆ, ಬೀಜದಲ್ಲೂ ಇರುತ್ತೆ. ಮಾಗಿದ ತಿರುಳಿನಲ್ಲಿ ಕಡಿಮೆ.

ರೇಷ್ಮೆ ಮಾಡುವವರಿಗೆ ಇಲ್ಲೊಂದು ಕುತೂಹಲದ ಸಂಗತಿ. 1975ರಲ್ಲಿ ಜಪಾನಿನ ವಿಜ್ಞಾನಿಗಳು ಬೆಣ್ಣೆ ಹಣ್ಣಿನ ಎಲೆಯಿಂದ ರೇಷ್ಮೆ ಹುಳುವಿನ ಬೆಳವಣಿಗೆಯನ್ನು ತಡೆಯುವ ವಸ್ತುಗಳನ್ನು ಬೇರ್ಪಡಿಸಿದ್ದರು. 1995ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಹಾಲೂಡಿಸುವ ಇಲಿಗಳ ಮೇಲೆ ಪರೀಕ್ಷೆ ಮಾಡಿ, ಹಾಲಿನ ಗ್ರಂಥಿಯನ್ನು ಕೆಡಿಸುತ್ತಿರುವುದು ಪರ್ಸಿನ್ ಎಂದು ಗುರುತಿಸಿದರು. ಪ್ರಮಾಣ ಹೆಚ್ಚಾದರೆ ಅದು ಹೃದಯದ ಸ್ನಾಯುವನ್ನೂ ಹಾಳು ಮಾಡುತ್ತದೆ.

ಎಲ್ಲ ಪ್ರಾಣಿಗಳಿಗೂ ಇದು ಒಂದೇ ಥರ ಹತ್ತೋದಿಲ್ಲ. ನಾವು ಮನುಷ್ಯರು ಹಣ್ಣು ತಿಂದು ಆರಾಮಾಗಿ ಇರ್ತೀವಿ. ಮೇಕೆ, ಕುರಿ, ದನ, ಕುದುರೆ, ಮೊಲ ಇವಕ್ಕೆ ಅಪಾಯ. ಪಂಜರದಲ್ಲಿ ಸಾಕುವ ಲವ್ ಬರ್ಡ್ಸ್ ಥರದ ಸಣ್ಣ ಹಕ್ಕಿಗಳಿಗಂತೂ ಬಹಳ ಅಪಾಯ. ಒಂದು ಪ್ರಯೋಗದಲ್ಲಿ ಸಣ್ಣ ಗಿಳಿಜಾತಿಯ ಹಕ್ಕಿಗಳು 9 ಗ್ರಾಂಗೂ ಕಡಿಮೆ ಹಣ್ಣು ತಿಂದು 48 ಗಂಟೆಯೊಳಗೆ ಸತ್ತಿವೆ. ನಾಯಿ, ಬೆಕ್ಕು ಇವೆಲ್ಲಕ್ಕಿಂತ ಗಟ್ಟಿ.

ಹಾಗಾದ್ರೆ ನಾಯಿಗೆ ಹಣ್ಣು ಕೊಡಬಹುದಾ?

ನೇರ ಉತ್ತರ: ಒಂದೆರಡು ತುಂಡು ಮಾಗಿದ ತಿರುಳು ಅಕಸ್ಮಾತ್ ತಿಂದರೆ ಗಾಬರಿ ಬೇಡ. ನಾವಾಗಿಯೇ ಕೊಡುವ ಅಗತ್ಯ ಇಲ್ಲ. ಕಾರಣ ಮೂರು.

ಒಂದು, ಬೀಜ. ನಾಯಿಗೆ ಇದೇ ದೊಡ್ಡ ಅಪಾಯ. ಬೀಜ ನಿಂಬೆಹಣ್ಣಿನ ಗಾತ್ರ ಇರುತ್ತೆ, ನುಣ್ಣಗಿರುತ್ತೆ, ಒಂದೇ ಸಲಕ್ಕೆ ಗುಳುಂ ಅಂತ ಒಳಗೆ ಹೋಗುತ್ತೆ. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಹೊಟ್ಟೆಗೆ ಹೋದರೆ ಕರಗೋದಿಲ್ಲ, ಕರುಳಲ್ಲಿ ಅಡ್ಡ ಕೂರುತ್ತೆ. ಆಮೇಲೆ ಆಪರೇಷನ್ ಮಾಡಿಯೇ ತೆಗೆಯಬೇಕಾಗಬಹುದು. ಲೋಹ, ಮೂಳೆ ಎಕ್ಸ್‌ರೇಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಹಣ್ಣಿನ ಬೀಜ ಕಾಣದೇ ಇರಬಹುದು. ಆದ್ದರಿಂದ ಡಾಕ್ಟರ್ ಹತ್ತಿರ ಹೋದಾಗ "ಬೀಜ ನುಂಗಿರಬಹುದು" ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

ಎರಡು, ಕೊಬ್ಬು. ಹೆಸರೇ ಬೆಣ್ಣೆ ಹಣ್ಣು. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 160 ಕ್ಯಾಲೊರಿ ಇದೆ. ನಮಗೆ ಒಳ್ಳೇ ಕೊಬ್ಬೇ ಇರಬಹುದು. ಮುದ್ದೆ, ಅನ್ನ ತಿಂದು ಬೆಳೆದ ನಾಯಿಗೆ ಒಂದೇ ಸಲ ಇಷ್ಟು ಕೊಬ್ಬು ಹೋದರೆ ವಾಂತಿ, ಭೇದಿ. ಕೆಲವಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಬರಬಹುದು. ಮನೆಯೊಳಗೆ ಸಾಕುವ ಸಣ್ಣ ತಳಿ, ದಪ್ಪಗಾದ ನಾಯಿ, ವಯಸ್ಸಾದ ನಾಯಿ ಇದ್ದರೆ ಹೆಚ್ಚು ಹುಷಾರು.

ಮೂರು, ಪರ್ಸಿನ್. ನಾಯಿ ಇದನ್ನು ತಡೆಯುತ್ತೆ ಅಂದೆ. ಹಾಗಂತ ಎಷ್ಟಾದ್ರೂ ತಡೆಯುತ್ತೆ ಅಂತಲ್ಲ. 1994ರಲ್ಲಿ ಕೀನ್ಯಾ ದೇಶದ ಎರಡು ನಾಯಿಗಳ ಬಗ್ಗೆ ಪಶುವೈದ್ಯರು ವರದಿ ಬರೆದಿದ್ದಾರೆ. ಬೆಣ್ಣೆ ಹಣ್ಣಿನ ರುಚಿ ಹತ್ತಿದ್ದ ಆ ನಾಯಿಗಳ ಹೃದಯದ ಸ್ನಾಯು ಹಾಳಾಗಿತ್ತು, ಎದೆ ಮತ್ತು ಹೊಟ್ಟೆಯಲ್ಲಿ ನೀರು ತುಂಬಿತ್ತು. ಹಣ್ಣೇ ಕಾರಣ ಇರಬೇಕು ಅನ್ನೋದು ಅವರ ಶಂಕೆ. ಇಂಥ ವರದಿ ಅಪರೂಪ. ಆದರೆ ನಮ್ಮ ತೋಟದ ನಾಯಿಗೂ ಆ ನಾಯಿಗಳಿಗೂ ಒಂದು ಹೋಲಿಕೆ ಇದೆ: ಗಿಡದ ಕೆಳಗೇ ವಾಸ. ಪೇಟೆಯ ನಾಯಿಗೆ ಒಂದು ಚೂರು ಸಿಕ್ಕರೆ ಹೆಚ್ಚು. ತೋಟದ ನಾಯಿಗೆ ಹಣ್ಣಿನ ಕಾಲ ಪೂರ್ತಿ ದಿನಾ ಸಿಗುತ್ತೆ, ಸಿಪ್ಪೆ ಬೀಜ ಸಮೇತ.

ಇನ್ನೊಂದು ಮಾತು. ಬೆಣ್ಣೆ ಹಣ್ಣಿಗೆ ಹೆದರುವ ನಾವು ಈರುಳ್ಳಿಗೆ ಹೆದರಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆ ಈರುಳ್ಳಿ ಬೆಳೆಗೆ ಹೆಸರಾದದ್ದು. ಹಸಿ ಆಗಲಿ ಬೇಯಿಸಿದ್ದಾಗಲಿ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತೆ. ಪ್ರತಿ ಕಿಲೊ ತೂಕಕ್ಕೆ 15ರಿಂದ 30 ಗ್ರಾಂ ತಿಂದರೆ ರಕ್ತದಲ್ಲಿ ಬದಲಾವಣೆ ಕಾಣುತ್ತೆ. 15 ಕಿಲೊ ನಾಯಿಗೆ ಕಾಲು ಕಿಲೊ ಈರುಳ್ಳಿ ಸಾಕು. ಬೆಣ್ಣೆ ಹಣ್ಣನ್ನ ಈರುಳ್ಳಿ, ಮೆಣಸಿನಕಾಯಿ ಹಾಕಿ ಕಲಸಿದ್ದು, ಚಾಕೊಲೇಟ್ ಹಾಕಿ ಜ್ಯೂಸ್ ಮಾಡಿದ್ದು ಉಳಿದರೆ ನಾಯಿ ತಟ್ಟೆಗೆ ಸುರಿಯಬೇಡಿ. ಅಲ್ಲಿ ಹಣ್ಣಿಗಿಂತ ಜೊತೆಯಲ್ಲಿ ಇರೋದೇ ಕೆಟ್ಟದ್ದು.

ನಾಯಿ ತಿಂದೇಬಿಟ್ಟಿದ್ರೆ ಏನು ಮಾಡ್ಬೇಕು?

1. ಮೊದಲು ಬೀಜ ಹುಡುಕಿ. ಎಷ್ಟು ಹಣ್ಣು, ಎಷ್ಟು ಬೀಜ, ಲೆಕ್ಕ ಹಾಕಿ. ಎಲ್ಲ ಬೀಜ ಸಿಕ್ಕರೆ ಅರ್ಧ ಚಿಂತೆ ಕಳೀತು.

2. ಬೀಜ ಸಿಗದಿದ್ದರೆ ಕಾಯ್ಕೊಂಡು ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಪದೇ ಪದೇ ವಾಂತಿ, ಊಟ ಬಿಡೋದು, ಬೆನ್ನು ಬಗ್ಗಿಸಿ ನಿಲ್ಲೋದು, ಹೊಟ್ಟೆ ಮುಟ್ಟಿದರೆ ಗುರ್ ಅನ್ನೋದು, ಮಲ ವಿಸರ್ಜನೆ ನಿಲ್ಲೋದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೀಜ ತಕ್ಷಣ ಅಡ್ಡ ಕೂರಬೇಕು ಅಂತಿಲ್ಲ, ಕೆಲವು ದಿನ ಬಿಟ್ಟೂ ತೊಂದರೆ ಶುರುವಾಗಬಹುದು.

3. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಹಳೇ ಉಪಾಯ ಬೇಡ. ಜಾಸ್ತಿ ಉಪ್ಪು ನಾಯಿಗೆ ತಾನೇ ವಿಷ. ಮೇಲೆ ಬರುವ ಬೀಜ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ.

4. ಮನೆಯಲ್ಲಿರುವ ಜ್ವರ, ನೋವಿನ ಮಾತ್ರೆ ಕೊಡಬೇಡಿ. ನಮ್ಮ ಮಾತ್ರೆಗಳಲ್ಲಿ ಎಷ್ಟೋ ನಾಯಿಗೆ ಆಗೋದಿಲ್ಲ.

5. ಬರೀ ತಿರುಳು ತಿಂದು ಚುರುಕಾಗಿ ಓಡಾಡ್ತಿದ್ರೆ ಕುಡಿಯೋಕೆ ನೀರಿಡಿ, ಒಂದೆರಡು ದಿನ ಎಣ್ಣೆ ಜಿಡ್ಡು ಇಲ್ಲದ ಅನ್ನ ಕೊಡಿ, ಗಮನ ಇಡಿ. ವಾಂತಿ ನಿಲ್ಲದಿದ್ದರೆ, ಮೇಲುಸಿರು ಬಂದರೆ, ಹೊಟ್ಟೆ ಊದಿದರೆ ಡಾಕ್ಟರಿಗೆ ತೋರಿಸಿ.

ಈಗ ಮೇಕೆ, ಕುರಿ ಲೆಕ್ಕ

ಇದನ್ನ ನಿಧಾನವಾಗಿ ಓದಿ. ಪಶುವೈದ್ಯ ಪುಸ್ತಕಗಳಲ್ಲಿ ಇರುವ ಅಂಕಿಗಳನ್ನ ನಮ್ಮ ಮೇಕೆ, ಕುರಿ ತೂಕಕ್ಕೆ ಲೆಕ್ಕ ಹಾಕಿ ಕೊಡ್ತಿದ್ದೀನಿ.

ಹಾಲು ಕೊಡುವ ಮೇಕೆ ಪ್ರತಿ ಕಿಲೊ ತೂಕಕ್ಕೆ 20 ಗ್ರಾಂ ಎಲೆ ತಿಂದರೆ ಕೆಚ್ಚಲು ತೀವ್ರವಾಗಿ ಬಾತುಕೊಳ್ಳುತ್ತದೆ. 25 ಕಿಲೊ ಮೇಕೆಗೆ ಅರ್ಧ ಕಿಲೊ ಸೊಪ್ಪು. ಅಂದರೆ ಒಂದು ತೆಕ್ಕೆಯೂ ಇಲ್ಲ.

30 ಗ್ರಾಂ ಆದರೆ ಹೃದಯಕ್ಕೆ ಪೆಟ್ಟು. ಅದೇ ಮೇಕೆಗೆ ಮುಕ್ಕಾಲು ಕಿಲೊ.

ಕುರಿಗೆ ಪ್ರತಿ ಕಿಲೊಗೆ 25 ಗ್ರಾಂನಂತೆ 5 ದಿನ ತಿನ್ನಿಸಿದಾಗ ಹೃದಯ ಸೋತುಹೋಯಿತು. ಕೇವಲ 2.5 ಗ್ರಾಂನಂತೆ 32 ದಿನ ತಿನ್ನಿಸಿದಾಗಲೂ ಹೃದಯ ನಿಧಾನವಾಗಿ ದುರ್ಬಲವಾಯಿತು. 30 ಕಿಲೊ ಕುರಿಗೆ ಅದು ದಿನಕ್ಕೆ 75 ಗ್ರಾಂ. ಒಂದು ಹಿಡಿ ಸೊಪ್ಪು.

ಈ ಒಂದು ಹಿಡಿಯ ಲೆಕ್ಕ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಅರ್ಧ ಕಿಲೊ ಹಾಕಿದರೆ ಎರಡೇ ದಿನದಲ್ಲಿ ಗೊತ್ತಾಗುತ್ತೆ. ದಿನಾ ಒಂದು ಹಿಡಿ ಹಾಕಿದರೆ ತಿಂಗಳು ಕಳೆದ ಮೇಲೆ ಕುರಿ ಸೊರಗುತ್ತೆ, ಆಗ ಈ ಗಿಡದ ನೆನಪೇ ಯಾರಿಗೂ ಬರಲ್ಲ.

ಲಕ್ಷಣ ಹೀಗಿರುತ್ತೆ. ಸೊಪ್ಪು ತಿಂದ ಸುಮಾರು 24 ಗಂಟೆಯಲ್ಲಿ ಕೆಚ್ಚಲು ಊದಿ ಗಟ್ಟಿಯಾಗುತ್ತೆ, ಹಾಲು ಮುಕ್ಕಾಲು ಪಾಲು ಕಡಿಮೆಯಾಗಬಹುದು, ನೀರಾಗಿ ಒಡೆದಂತೆ ಬರುತ್ತೆ. ಹೃದಯಕ್ಕೆ ಹತ್ತಿದ್ದರೆ 24ರಿಂದ 48 ಗಂಟೆಯಲ್ಲಿ ಮಂಕು, ಮೇಲುಸಿರು, ಕೆಮ್ಮು, ಕತ್ತು ಮತ್ತು ಎದೆಯ ಕೆಳಗೆ ನೀರು ತುಂಬಿದ ಊತ. ಕೆಲವು ಏನೂ ತೋರಿಸದೆ ಸಾಯಬಹುದು. ಇದಕ್ಕೆ ಅಂತ ಪ್ರತ್ಯೇಕ ಮದ್ದು ಇಲ್ಲ. ಬಾವು, ನೋವು ಇಳಿಸುವ, ದೇಹದಲ್ಲಿ ತುಂಬಿದ ನೀರು ತೆಗೆಯುವ ಔಷಧವನ್ನ ವೈದ್ಯರೇ ಕೊಡಬೇಕು. ಕೆಚ್ಚಲು ಬಾವು ಅಂತ ಅಂಗಡಿಯಿಂದ ಟ್ಯೂಬ್ ತಂದು ಏರಿಸಿಕೊಂಡು ದಿನ ಕಳೆಯಬೇಡಿ. ಇದು ರೋಗಾಣುವಿನಿಂದ ಬಂದ ಬಾವು ಅಲ್ಲ. ಪಶು ಸಂಜೀವಿನಿ ಸಂಚಾರಿ ಆಸ್ಪತ್ರೆಗೆ 1962ಕ್ಕೆ ಫೋನ್ ಮಾಡಿ, ಯಾವ ಸೊಪ್ಪು, ಎಷ್ಟು, ಯಾವಾಗ ಅಂತ ಹೇಳಿ. ಒಂದು ಕೊಂಬೆ ಎತ್ತಿಟ್ಟುಕೊಂಡು ತೋರಿಸಿ.

ನಮ್ಮ ಗಿಡ ಯಾವ ಜಾತಿ?

ಬೆಣ್ಣೆ ಹಣ್ಣಿನಲ್ಲಿ ಮೆಕ್ಸಿಕನ್, ಗ್ವಾಟೆಮಾಲನ್, ವೆಸ್ಟ್ ಇಂಡಿಯನ್ ಅಂತ ಮೂರು ಮೂಲ ಜಾತಿ. ಪ್ರಾಣಿಗಳಿಗೆ ವಿಷವಾದ ಪ್ರಕರಣಗಳಲ್ಲಿ ಗ್ವಾಟೆಮಾಲನ್ ಹೆಸರು ಹೆಚ್ಚು ಬರುತ್ತೆ. ಈಗ ಎಲ್ಲರೂ ಕೇಳುವ ಹಾಸ್ ತಳಿಯಲ್ಲಿ ಅದರ ರಕ್ತವೂ ಇದೆ. ಕೊಡಗಿನ ಕಾಫಿ ತೋಟಗಳಲ್ಲಿ ಈ ಮರ ಬಹಳ ಕಾಲದಿಂದ ಇದೆ. ಅಲ್ಲಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಕೊಟ್ಟಿದೆ. ನಮ್ಮ ಕಡೆ ಬೀಜದಿಂದ ಎಬ್ಬಿಸಿದ ಗಿಡ, ಹೆಸರೇ ಗೊತ್ತಿಲ್ಲದ ಗಿಡ ಕೂಡ ಬರುತ್ತವೆ. ಆದ್ದರಿಂದ ಜಾತಿ ನೋಡಿ ಧೈರ್ಯ ಮಾಡಬೇಡಿ. ಬೆಣ್ಣೆ ಹಣ್ಣಿನ ಸೊಪ್ಪು ಅಂದ್ರೆ ಯಾವುದೇ ಆಗಲಿ, ಮೇವಲ್ಲ.

ತೋಟದಲ್ಲಿ ನಾನೀಗ ಪಾಲಿಸೋದು

ಗಿಡ ಕಿತ್ತು ಹಾಕಿಲ್ಲ. ಬೆಳೆ ಒಳ್ಳೇದೇ. ಹೊಸದಾಗಿ ಹಾಕುವವರು ನಮ್ಮ ಮಣ್ಣು, ನೀರಿಗೆ ಹೊಂದುತ್ತಾ ಅಂತ ಹಿರಿಯೂರಿನ ಬಬ್ಬೂರು ಫಾರ್ಮ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹಾಕಿದ ಮೇಲೆ ಇಷ್ಟು ಮಾಡಿ.

ಸವರಿದ ಕೊಂಬೆಯನ್ನ ಬದುವಿನ ಮೇಲೆ, ಬೇಲಿ ಆಚೆ ಎಸೆಯಬೇಡಿ. ಗುಂಡಿಗೆ ಹಾಕಿ ಮೇಲೆ ಸಗಣಿ, ಮಣ್ಣು ಮುಚ್ಚಿ. ಒಣಗಿದ ಮೇಲೆ ಹಾಕಿದರೆ ಏನಾಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬಿ ಹಾಕಬೇಡಿ.

ಉದುರಿದ ಹಣ್ಣನ್ನ ಬೆಳಿಗ್ಗೆ ಸಂಜೆ ಆರಿಸಿ. ನಾಯಿಗೂ ಒಳ್ಳೇದು, ದನಕ್ಕೂ ಒಳ್ಳೇದು. ಅಡುಗೆಮನೆಯ ಸಿಪ್ಪೆ, ಬೀಜ ಕಲಗಚ್ಚಿಗೆ ಬೀಳದಂತೆ ಮನೆಯವರಿಗೆಲ್ಲ ಹೇಳಿ.

ಗಿಡ ಸಣ್ಣದಿರುವಾಗಲೇ ಸುತ್ತ ಬೇಲಿ ಹಾಕಿ. ಮೇಕೆ ಕುತ್ತಿಗೆ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಕೊನೆಯದು, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಗೊಬ್ಬರಕ್ಕೆ ಅಂತ ನಾವು ತೋಟದಲ್ಲಿ ಕುರಿ ಮಂದೆ ನಿಲ್ಲಿಸ್ತೀವಲ್ಲ, ಆಗ ಕುರಿಯವರಿಗೆ ಮೊದಲೇ ಈ ಗಿಡ ತೋರಿಸಿ. ತೆಂಗು, ಬೇವು, ಜಾಲಿ, ಹೊಂಗೆ ಎಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವುದು ತಿಂದರೆ ಕುರಿ ಉಬ್ಬರಿಸುತ್ತೆ ಅಂತ ನೋಡಿದ ಕೂಡಲೇ ಹೇಳ್ತಾರೆ. ಈ ಗಿಡ ಮಾತ್ರ ಅವರು ಕಂಡಿಲ್ಲ, ಅವರ ಅಪ್ಪ ಅಜ್ಜನೂ ಕಂಡಿಲ್ಲ. ನೂರು ಕುರಿ ಒಂದು ರಾತ್ರಿ ನಮ್ಮ ತೋಟದಲ್ಲಿ ಮಲಗಿ, ಬೆಳಿಗ್ಗೆ ಎದ್ದು ನಾವು ಸವರಿ ಬಿಟ್ಟ ಸೊಪ್ಪು ಮೇಯ್ದು ಮುಂದಿನ ಊರಿಗೆ ಹೋಗಿಬಿಡುತ್ತವೆ. ಅಲ್ಲಿ ಏನಾದರೂ ಆದರೆ ಕಾರಣ ಅವರಿಗೂ ತಿಳಿಯಲ್ಲ, ನಮಗೂ ತಿಳಿಯಲ್ಲ. ಹೊಸ ಗಿಡ ತಂದವರು ನಾವು. ಅದರ ಗುಣ ಹೇಳುವ ಜವಾಬ್ದಾರಿಯೂ ನಮ್ಮದೇ.

ಅಂದ ಹಾಗೆ, ಫೋಟೊ ಕಳಿಸಿದ ಹುಡುಗನ ನಾಯಿ ಚೆನ್ನಾಗಿದೆ. ಬೀಜ ಹಟ್ಟಿಯ ಮೆಟ್ಟಿಲ ಕೆಳಗೆ ಸಿಕ್ಕಿತಂತೆ. ಮೇಕೆಗೆ ಸೊಪ್ಪು ಹಾಕಿರಲಿಲ್ಲ. "ನಾಳೆ ಹಾಕೋನಿದ್ದೆ ಅಣ್ಣಾ, ಕಟ್ ಮಾಡಿ ಇಟ್ಟಿದ್ದೆ" ಅಂದ.

ನಿಮ್ಮ ತೋಟದಲ್ಲೂ ಬೆಣ್ಣೆ ಹಣ್ಣಿನ ಗಿಡ ಇದ್ದರೆ ಇವತ್ತೇ ಮನೆಯಲ್ಲಿ ಮೇವು ಹಾಕುವವರ ಜೊತೆ ಕೂತು ಈ ವಿಷಯ ಮಾತಾಡಿ. ಮುಂದಿನ ವಾರ ಸಿಗೋಣ.